ವಾಪಸ್ ಕರೆದಿರೋ ಸಿಪ್ಯಾಪ್ ಮಷಿನ್: ಇವತ್ತು ರಾತ್ರಿ ಹಾಕ್ಕೊಳ್ಳೋದಾ, ಬೇಡ್ವಾ?

ಗೊರಕೆರಾಯ · 6 ಜುಲೈ 2021

ಎಲ್ಲರಿಗೂ ನಮಸ್ಕಾರ. ಇಲ್ಲಿ ವೀಸಾ, ಮನೆ ಸಾಲ, ಒಳ್ಳೆ ಸೋನಾಮಸೂರಿ ಎಲ್ಲಿ ಸಿಗುತ್ತೆ ಅನ್ನೋ ಪ್ರಶ್ನೆಗಳೇ ಜಾಸ್ತಿ. ನನ್ನದು ಸ್ವಲ್ಪ ಮುಜುಗರದ ವಿಷಯ, ಅದಕ್ಕೇ ಈ ಹೆಸರಲ್ಲಿ ಬರೀತಿದೀನಿ.

ಹಾಸನದ ಕಡೆಯವನು, ಈಗ ನ್ಯೂಜೆರ್ಸಿ, 47 ವರ್ಷ. ಮೂರು ವರ್ಷದಿಂದ ಸ್ಲೀಪ್ ಅಪ್ನಿಯಾಗೆ, ಅಂದ್ರೆ ನಿದ್ದೆಯಲ್ಲಿ ಆಗಾಗ ಉಸಿರು ನಿಲ್ಲೋ ತೊಂದರೆಗೆ, ಸಿಪ್ಯಾಪ್ (ಮಾಸ್ಕಿನ ಮೂಲಕ ಒತ್ತಡದ ಗಾಳಿ ಕೊಡೋ ಮಷಿನ್) ಹಾಕ್ಕೊಂಡು ಮಲಗ್ತೀನಿ. ಟೆಸ್ಟ್ ಮಾಡಿದಾಗ ಗಂಟೆಗೆ 41 ಸಲ ಉಸಿರು ನಿಲ್ತಿತ್ತು. ಮಷಿನ್ ಬಂದ ಮೇಲೆ 2, 3. ಅಂದ್ರೆ ಅದು ನನಗೆ ಕನ್ನಡಕ ಇದ್ದ ಹಾಗೆ, ಇಲ್ಲದೆ ಆಗಲ್ಲ.

ಒಳಗಿನ ಫೋಮ್ ಪುಡಿಯಾಗಬಹುದು ಅಂತ ಜೂನ್ 14ಕ್ಕೆ ಫಿಲಿಪ್ಸ್ ರೆಸ್ಪಿರಾನಿಕ್ಸ್ ಕಂಪನಿ ವಾಪಸ್ ಕರೆದಿರೋ ಪಟ್ಟಿಯಲ್ಲಿ ನನ್ನ ಮಾಡೆಲ್ ಇದೆ. ಮೊಬೈಲ್ ಟಾರ್ಚ್ ಹಾಕಿ, ಮಷಿನ್ ತಲೆಕೆಳಗೆ ಮಾಡಿ ಸೀರಿಯಲ್ ನಂಬರ್ ಓದಿ ರಿಜಿಸ್ಟರ್ ಮಾಡಿದೆ. ಒಂದು ಕನ್ಫರ್ಮೇಷನ್ ನಂಬರ್ ಸಿಕ್ತು, ಅಷ್ಟೇ. ಮಷಿನ್ ಕೊಟ್ಟ ಸಪ್ಲೈಯರ್‌ಗೆ ಫೋನ್ ಮಾಡಿದ್ರೆ "ನಮಗೂ ಗೊತ್ತಿಲ್ಲ ಸಾರ್". ಇನ್ಶೂರೆನ್ಸ್‌ನವರು ಐದು ವರ್ಷ ಆಗದೆ ಹೊಸದು ಕೊಡಲ್ಲ. ಡಾಕ್ಟರ್ ಸಿಗೋದು ಇನ್ನು ಮೂರು ವಾರಕ್ಕೆ.

ಕಂಪನಿ ನೋಟಿಸ್ "ನಿಲ್ಲಿಸಿ, ಡಾಕ್ಟರ್ ಕೇಳಿ" ಅನ್ನುತ್ತೆ. ಎಫ್‌ಡಿಎ (ಔಷಧ, ವೈದ್ಯಕೀಯ ಸಾಧನಗಳನ್ನ ನೋಡಿಕೊಳ್ಳೋ ಅಮೆರಿಕದ ಸರ್ಕಾರಿ ಸಂಸ್ಥೆ) "ಡಾಕ್ಟರ್ ಕೇಳಿ ತೀರ್ಮಾನ ಮಾಡಿ" ಅನ್ನುತ್ತೆ. ಹಾಕ್ಕೊಂಡ್ರೆ ಒಳಗೆ ಏನು ಹೋಗುತ್ತೋ, ಬಿಟ್ರೆ ಉಸಿರೇ ನಿಲ್ಲುತ್ತೆ. ಮೂರು ರಾತ್ರಿ ಬಿಟ್ಟು ನೋಡಿದೆ. ಮನೆಯವಳು ದಿಂಬು ಎತ್ಕೊಂಡು ಹಾಲ್‌ಗೆ ಹೋದಳು. ನಿನ್ನೆ ರೂಟ್ 1ರ ಸಿಗ್ನಲ್‌ನಲ್ಲಿ ಕೆಂಪು ದೀಪ ನೋಡ್ತಾ ನೋಡ್ತಾ ತೂಕಡಿಸಿದೆ, ಹಿಂದಿನವನು ಹಾರನ್ ಹೊಡೆದಾಗಲೇ ಎಚ್ಚರ.

ನಿಮ್ಮಲ್ಲಿ ಯಾರಿಗಾದ್ರೂ ಇದೇ ಕಥೆ ಆಗಿದೆಯಾ? ಏನು ಮಾಡ್ತಿದೀರ?

ಕಾಫಿಪುಡಿ · 6 ಜುಲೈ 2021

ಮೊದಲು ಕಾರ್ ಕೀ ಮನೆಯವರ ಕೈಗೆ ಕೊಡಿ. ಮಿಕ್ಕಿದ್ದು ಆಮೇಲೆ ಮಾತಾಡೋಣ.

ರಾಗಿಮುದ್ದೆ_ಡೆಟ್ರಾಯ್ಟ್ · 6 ಜುಲೈ 2021

ರಾಯರೇ, ಮುಜುಗರ ಯಾಕೆ? ನಮ್ಮ ಕನ್ನಡ ಕೂಟದ ವಾಟ್ಸಾಪ್ ಗುಂಪಲ್ಲಿ ನಾನು ಬಾಯಿ ಬಿಟ್ಟೆ ನೋಡಿ, ಒಬ್ಬೊಬ್ಬರಾಗಿ "ನಂದೂ ಇದೆ", "ನಂದೂ ಇದೆ" ಅಂತ ಹೊರಗೆ ಬಂದ್ರು. ಹತ್ತು ವರ್ಷದಿಂದ ಜೊತೆಗೆ ಯುಗಾದಿ ಊಟ ಮಾಡ್ತಿದೀವಿ, ಯಾರಿಗೂ ಯಾರ ಮೂಗಿನ ವಿಷಯಾನೂ ಗೊತ್ತಿರಲಿಲ್ಲ.

ನಾನು ನಿಲ್ಲಿಸಿಲ್ಲ. ಸರಿಯೋ ತಪ್ಪೋ ಗೊತ್ತಿಲ್ಲ.

ಗಾಳಿಮಾತು · 7 ಜುಲೈ 2021

ಹೆಸರು ನೋಡಿ ನಗಬೇಡಿ, ನಾನು ಒಹಾಯೋದ ಒಂದು ಆಸ್ಪತ್ರೆಯಲ್ಲಿ ರೆಸ್ಪಿರೇಟರಿ ಥೆರಪಿಸ್ಟ್. ನಿಮ್ಮ ಡಾಕ್ಟರ್ ಅಲ್ಲ, ಅದು ನೆನಪಿರಲಿ. ಮೂರು ವಾರದಿಂದ ನಮ್ಮ ಡಿಪಾರ್ಟ್‌ಮೆಂಟಿಗೆ ಇದೇ ಫೋನು. ಒಂದು ಸಲ ಬಿಡಿಸಿ ಹೇಳ್ತೀನಿ.

ಮಷಿನ್ ಒಳಗೆ ಗಾಳಿ ದೂಡೋ ಮೋಟಾರ್ ಇದೆ. ಅದರ ಸದ್ದು ಕಮ್ಮಿ ಮಾಡೋಕೆ ಸುತ್ತ ಕಪ್ಪು ಸ್ಪಾಂಜ್ ಥರದ ಫೋಮ್ ಇಟ್ಟಿದ್ದಾರೆ, ಪಾಲಿಯೆಸ್ಟರ್ ಜಾತಿಯ ಪಾಲಿಯುರೇಥೇನ್. ಶೆಖೆ ಮತ್ತು ತೇವ ಸಿಕ್ಕಿದ್ರೆ ಇದು ಕಾಲಕ್ರಮೇಣ ಪುಡಿಯಾಗುತ್ತೆ. ನೀವು ಉಸಿರಾಡೋ ಗಾಳಿ ಇದನ್ನು ದಾಟಿಯೇ ಬರಬೇಕು, ಆದ್ದರಿಂದ ಪುಡಿ ಟ್ಯೂಬಿಗೆ ಬರಬಹುದು. ಇದು ಒಂದು ಭಯ. ಇನ್ನೊಂದು, ಫೋಮ್‌ನಿಂದ ಹೊರಡೋ ಆವಿ. ತಲೆನೋವು, ಕೆಮ್ಮು, ಎದೆ ಬಿಗಿತ, ಸೈನಸ್ ಸೋಂಕು ಅಂತ ದೂರು ಬಂದಿವೆ. ಕ್ಯಾನ್ಸರ್ ತರಬಹುದಾದ ರಾಸಾಯನಿಕಗಳ ಸಾಧ್ಯತೆಯೂ ನೋಟಿಸ್‌ನಲ್ಲಿದೆ. "ಬರಬಹುದು" ಅಂತ ಇದೆ, "ಬಂದಿದೆ" ಅಂತ ಇಲ್ಲ. 2020ರಲ್ಲಿ ಬಂದ ದೂರಿನ ಪ್ರಮಾಣ 0.03 ಶೇಕಡ ಅಂತ ಕಂಪನಿ ಹೇಳಿಕೊಂಡಿದೆ. ಆದರೆ ಕಣ್ಣಿಗೆ ಕಾಣದ್ದಕ್ಕೆ ಜನ ದೂರು ಕೊಡೋದಾದ್ರೂ ಹೇಗೆ?

2021ರ ಏಪ್ರಿಲ್ 26ಕ್ಕಿಂತ ಮುಂಚೆ ತಯಾರಾದವು ಪಟ್ಟಿಯಲ್ಲಿವೆ: ಮೊದಲನೇ ಡ್ರೀಮ್‌ಸ್ಟೇಷನ್, ಡ್ರೀಮ್‌ಸ್ಟೇಷನ್ ಗೋ, ಹಳೇ ಸಿಸ್ಟಮ್ ಒನ್, ಕೆಲವು ಬೈಪ್ಯಾಪ್‌ಗಳು (ಉಸಿರು ಎಳೆಯೋಕೆ ಒಂದು, ಬಿಡೋಕೆ ಒಂದು ಒತ್ತಡ ಕೊಡೋ ಮಷಿನ್), ಟ್ರಿಲಜಿ 100, 200 ವೆಂಟಿಲೇಟರ್‌ಗಳು. ಡ್ರೀಮ್‌ಸ್ಟೇಷನ್ 2 ಇದರಲ್ಲಿಲ್ಲ.

ಮನೆಯಲ್ಲಿ ಯಾರಾದರೂ ವೆಂಟಿಲೇಟರ್ ಮೇಲೆ ಇದ್ದರೆ ಡಾಕ್ಟರ್ ಹೇಳೋ ತನಕ ಯಾವ ಕಾರಣಕ್ಕೂ ನಿಲ್ಲಿಸಬೇಡಿ. ಸಿಪ್ಯಾಪ್ ಆದ್ರೆ ತೂಗಿ ನೋಡೋ ಪ್ರಶ್ನೆ. ಗಂಟೆಗೆ 6, 7 ಸಲ ನಿಲ್ಲೋರು ಒಂದಷ್ಟು ದಿನ ಪಕ್ಕಕ್ಕೆ ಮಲಗಿ ಸುಧಾರಿಸಬಹುದು. 41 ಇರೋರು, ಬಿಪಿ ಇರೋರು, ಹೃದಯದ ಬಡಿತ ತಪ್ಪೋರು, ದಿನಾ ಗಾಡಿ ಓಡಿಸೋರು ತಾವೇ ನಿರ್ಧಾರ ಮಾಡಿ ಬಿಡಬಾರದು. ರಾಯರೇ, ಮೂರು ವಾರ ಕಾಯಬೇಡಿ. ಕ್ಲಿನಿಕ್ ಪೋರ್ಟಲ್‌ನಲ್ಲಿ ಇವತ್ತೇ ಮೆಸೇಜ್ ಹಾಕಿ, "ಸಿಗ್ನಲ್‌ನಲ್ಲಿ ನಿದ್ದೆ ಹೋದೆ" ಅಂತ ಅದೇ ಮಾತಲ್ಲಿ ಬರೀರಿ. ಆ ಒಂದು ವಾಕ್ಯಕ್ಕೆ ನರ್ಸ್ ಫೋನ್ ಮಾಡ್ತಾಳೆ.

ಗಿರಮಿಟ್ · 7 ಜುಲೈ 2021

ಅಕ್ಕಾರ, ನಂದೊಂದು ಪ್ರಶ್ನಿ ಐತ್ರಿ. ನಾ ಹೂಸ್ಟನ್ನಾಗ ಇರ್ತೇನಿ. ಟ್ಯೂಬು ಮಾಸ್ಕು ದಿನಾ ತೊಳಿಯಾಕ ಬ್ಯಾಸರಾಗಿ ಒಂದ್ ಓಜೋನ್ ಡಬ್ಬಿ ತಗೊಂಡಿದ್ನಿ, ಮುನ್ನೂರ ಡಾಲರ್ ಸಮೀಪ. ಎರಡ ವರ್ಷ ದಿನಾ ಮುಂಜಾನೆ ಅದನ್ನ ಹಚ್ಚೇನಿ. ಈಗ ನೋಡಿದ್ರ ಓಜೋನ್‌ನಿಂದ ಫೋಮ್ ಲಗೂನ ಹಾಳಾಗ್ತೈತಿ ಅಂತಾರ. ಹಂಗಾರ ನಾ ರೊಕ್ಕಾ ಕೊಟ್ಟು ನನ್ನ ಕೈಲೇನ ಹಾಳ ಮಾಡ್ಕೊಂಡಂಗ ಆತೇನ್ರಿ?

ಗಾಳಿಮಾತು · 7 ಜುಲೈ 2021

@ಗಿರಮಿಟ್ ಇವತ್ತೇ ಆ ಡಬ್ಬಿಯ ವೈರ್ ಕೀಳಿ. ಸಿಪ್ಯಾಪ್ ತೊಳೆಯೋಕೆ ಓಜೋನ್ ಅಥವಾ ಯುವಿ ಬಳಸೋ ಯಾವ ಡಬ್ಬಿಗೂ ತಾನು ಅನುಮತಿ ಕೊಟ್ಟಿಲ್ಲ ಅಂತ ಎಫ್‌ಡಿಎ 2020ರ ಫೆಬ್ರುವರಿಯಲ್ಲೇ ಹೇಳಿತ್ತು. ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯೋ ಸೋಪು, ನೆರಳಲ್ಲಿ ಒಣಗಿಸೋದು. ಇದಕ್ಕಿಂತ ಜಾಸ್ತಿ ಏನೂ ಬೇಕಿಲ್ಲ. ಹಾಗಂತ ಓಜೋನ್ ಮುಟ್ಟಿಸದವರ ಫೋಮ್ ಗಟ್ಟಿಯಾಗೇ ಇರುತ್ತೆ ಅಂತ ಅಲ್ಲ, ಎಲ್ಲ ತಪ್ಪೂ ನಿಮ್ಮ ತಲೆ ಮೇಲೆ ಹಾಕ್ಕೋಬೇಡಿ.

ಕಾಫಿಪುಡಿ · 7 ಜುಲೈ 2021

ಇಷ್ಟೆಲ್ಲ ಯಾಕೆ? ತೊಂದರೆ ಇರೋದು ಫೋಮ್‌ನಲ್ಲಿ. ನಾಲ್ಕು ಸ್ಕ್ರೂ ಬಿಚ್ಚಿ ಫೋಮ್ ಕಿತ್ತು ಬಿಸಾಕಿದ್ರೆ ಮುಗೀತು. ಸ್ವಲ್ಪ ಸದ್ದು ಮಾಡುತ್ತೆ. ಗೊರಕೆಗಿಂತ ಕಮ್ಮಿನೇ.

ಗಾಳಿಮಾತು · 7 ಜುಲೈ 2021

ದಯವಿಟ್ಟು ಬೇಡ. ಪುಡಿಯಾಗೋಕೆ ಶುರುವಾದ ಫೋಮ್ ಕೈಯಿಂದ ಕಿತ್ತರೆ ಚೂರುಗಳು ಗಾಳಿ ಬರೋ ದಾರಿಯಲ್ಲೇ ಉದುರುತ್ತವೆ. ಗಾಳಿ ಹರಿಯೋ ರೀತಿಯೂ ಬದಲಾಗುತ್ತೆ, ಅದರಿಂದ ಒತ್ತಡ ಎಷ್ಟು ಕೊಡಬೇಕು ಅನ್ನೋ ಮಷಿನ್‌ನ ಲೆಕ್ಕವೇ ತಪ್ಪಬಹುದು. ಎಫ್‌ಡಿಎ ಸಹ ಫೋಮ್ ತೆಗೆಯಬೇಡಿ ಅಂತಲೇ ಹೇಳಿದೆ. ಬಿಚ್ಚಿದ ಮಷಿನ್ ನಾಳೆ ಬದಲಿಗೆ ತಗೊಳ್ತಾರೆ ಅಂತ ಏನು ಗ್ಯಾರಂಟಿ?

ಕಾಫಿಪುಡಿ · 7 ಜುಲೈ 2021

ಇಪ್ಪತ್ತು ವರ್ಷದಿಂದ ಮೆಕ್ಯಾನಿಕಲ್ ಇಂಜಿನಿಯರ್ ನಾನು.

ಬಂಗುಡೆ · 7 ಜುಲೈ 2021

ಇಂಜಿನಿಯರ್ ಆದ್ರೆ ಎಂತ ಮಾರಾಯ್ರೆ, ಮೂಗು ನಿಮ್ಮದೇ ಅಲ್ವಾ 😀

ಸಂಪಿಗೆ · 8 ಜುಲೈ 2021

ನಾನು ರೋಗಿಯಲ್ಲ, ಪಕ್ಕದಲ್ಲಿ ಮಲಗೋಳು. ಅದನ್ನೂ ಯಾರಾದ್ರೂ ಬರೀಬೇಕಲ್ಲ.

ನಮ್ಮ ಯಜಮಾನರು ನೋಟಿಸ್ ಓದಿದ ದಿನವೇ ಮಷಿನ್ ಎತ್ತಿ ಬಟ್ಟೆ ಬೀರು ಮೇಲೆ ಇಟ್ಟುಬಿಟ್ಟರು. ಮೊದಲನೇ ರಾತ್ರಿ ಗೊರಕೆ ಶುರುವಾಯ್ತು. ಗೊರಕೆ ಇದ್ದಷ್ಟು ಹೊತ್ತು ನನಗೆ ಧೈರ್ಯ. ಅದು ಹಠಾತ್ತಾಗಿ ನಿಲ್ಲುತ್ತೆ ನೋಡಿ, ಅಲ್ಲಿಂದ ನಾನು ಮನಸ್ಸಲ್ಲೇ ಎಣಿಸೋಕೆ ಶುರು ಮಾಡ್ತೀನಿ. ಹತ್ತು, ಹದಿನೈದು, ಇಪ್ಪತ್ತು. ಹೊಟ್ಟೆ ಏಳುತ್ತೆ, ಇಳಿಯುತ್ತೆ, ಗಾಳಿ ಮಾತ್ರ ಒಳಗೆ ಹೋಗಲ್ಲ. ಮೂವತ್ತೆಂಟಕ್ಕೆ ನಾನೇ ಭುಜ ಅಲ್ಲಾಡಿಸಿದೆ. ಅವರು "ಏನಾಯ್ತೇ?" ಅಂತ ಎದ್ದು ನೀರು ಕುಡಿದು ಮಲಗಿದ್ರು. ಬೆಳಿಗ್ಗೆ ಕೇಳಿದ್ರೆ ಒಂದೂ ನೆನಪಿಲ್ಲ, "ಚೆನ್ನಾಗೇ ನಿದ್ದೆ ಬಂತಲ್ಲ" ಅಂತಾರೆ.

ನಾಲ್ಕು ರಾತ್ರಿ ಎಣಿಸಿದೆ. ಐದನೇ ದಿನ ಸ್ಟೂಲ್ ಹಾಕ್ಕೊಂಡು ಮಷಿನ್ ನಾನೇ ಇಳಿಸಿ, ಡಾಕ್ಟರಿಗೆ ಫೋನ್ ಮಾಡಿದೆ. ಅವರು "ಬೇರೆ ಸಿಗೋ ತನಕ ಇದನ್ನೇ ಹಾಕ್ಕೊಳ್ಳಿ, ಇವರ ವಿಷಯದಲ್ಲಿ ಬಿಡೋದೇ ಹೆಚ್ಚು ಅಪಾಯ" ಅಂದ್ರು. ಇದು ನಮಗೆ ಹೇಳಿದ ಮಾತು, ನಿಮಗೆ ಬೇರೆ ಇರಬಹುದು. ಆದರೆ ಮಷಿನ್ ಬಿಟ್ಟು "ಏನೂ ಆಗಲಿಲ್ಲ" ಅಂತ ಬರೆಯೋ ಗಂಡಸರು ದಯವಿಟ್ಟು ಪಕ್ಕದಲ್ಲಿ ಮಲಗೋರನ್ನ ಕೇಳಿ ಬರೀರಿ.

ಗೊರಕೆರಾಯ · 8 ಜುಲೈ 2021

ಸಂಪಿಗೆ ಅವರೇ, ಇದನ್ನ ನನ್ನ ಹೆಂಡತಿಗೆ ಓದಿ ಹೇಳಿದೆ. ಅವಳು ಮಾತಾಡಲಿಲ್ಲ, ಹೋಗಿ ಮಷಿನ್ ಪ್ಲಗ್ ಹಾಕಿ ಬಂದಳು. ಪೋರ್ಟಲ್‌ಗೆ ಮೆಸೇಜ್ ಹಾಕಿದ್ದೀನಿ.

ಹರಳೆಣ್ಣೆ · 8 ಜುಲೈ 2021

ಇಂಗ್ಲಿಷ್ ಮಷಿನ್ ನಂಬಿದ್ರೆ ಹೀಗೇ ಆಗೋದು. ರಾತ್ರಿ ಮೂಗಿಗೆ ಎರಡೆರಡು ಹನಿ ಷಡ್ಬಿಂದು ತೈಲ, ಬೆಳಿಗ್ಗೆ ಭ್ರಾಮರಿ ಪ್ರಾಣಾಯಾಮ. ನಮ್ಮ ಭಾವನಿಗೆ ಗೊರಕೆ ಪೂರ್ತಿ ಹೋಯ್ತು.

ಗಾಳಿಮಾತು · 8 ಜುಲೈ 2021

ಪ್ರಾಣಾಯಾಮ ಮಾಡಲಿ, ಒಳ್ಳೇದೇ. ಆದರೆ ಗೊರಕೆ ಬೇರೆ, ಅಪ್ನಿಯಾ ಬೇರೆ. ಗೊರಕೆ ನಿಂತಿದೆ ಅಂದ್ರೆ ಉಸಿರಾಟ ಸರಿಯಾಯ್ತು ಅಂತ ಅಲ್ಲ, ಸಂಪಿಗೆ ಅವರ ಪೋಸ್ಟ್ ಓದಿ.

ಬಂಗುಡೆ · 8 ಜುಲೈ 2021

ಇದಕ್ಕೆ ನಾನೊಂದು ಹೇಳ್ತೇನೆ, ತಮಾಷೆ ಅಲ್ಲ. ಆಸ್ಟ್ರೇಲಿಯಾದ ಮೂಲನಿವಾಸಿಗಳ ಉದ್ದ ಊದುವ ವಾದ್ಯ ಉಂಟಲ್ಲ, ಡಿಜೆರಿಡೂ, ಅದನ್ನು ದಿನಾ ಊದಿದವರಿಗೆ ಅಪ್ನಿಯಾ ಸ್ವಲ್ಪ ಕಮ್ಮಿ ಆಯ್ತು ಅಂತ 2006ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದಿದೆ. ಗಂಟಲಿನ ಸ್ನಾಯು ಗಟ್ಟಿ ಆಗ್ತದಂತೆ. ಹಾಗಾದ್ರೆ ನಮ್ಮ ದೇವಸ್ಥಾನದ ನಾಗಸ್ವರದವರಿಗೆ ಅಪ್ನಿಯಾವೇ ಇರ್ಲಿಕ್ಕಿಲ್ಲ!

ರಾಗಿಮುದ್ದೆ_ಡೆಟ್ರಾಯ್ಟ್ · 8 ಜುಲೈ 2021

ನಮ್ಮೂರಲ್ಲಿ ಶನಿವಾರ ದಾಸಯ್ಯ ಶಂಖ ಜಾಗಟೆ ಹಿಡಿದು ಬರೋನು. ಅವನು ಶಂಖ ಊದಿದ್ರೆ ಮೂರನೇ ಬೀದಿಯ ನಾಯಿನೂ ಎದ್ದು ಕೂರೋದು. ಅವನು ಜಗಲಿ ಮೇಲೆ ಮಲಗಿದ್ರೆ ಗೊರಕೆ ಹೊಡೀತಿದ್ನೋ ಇಲ್ವೋ ನೆನಪಿಗೆ ಬರ್ತಿಲ್ಲ.

ಕಾಫಿಪುಡಿ · 8 ಜುಲೈ 2021

ನಾಳೆಯಿಂದ ಡೆಟ್ರಾಯ್ಟ್‌ನಲ್ಲಿ ಬೆಳಗಿನ ಜಾವ ಶಂಖ ಊದಿ, ಪೊಲೀಸ್ ಬರ್ತಾರೆ.

ಲಾ_ಪಾಯಿಂಟ್ · 9 ಜುಲೈ 2021

ವಿಷಯಕ್ಕೆ ಬನ್ನಿ. ಕಂಪನಿ ಏಪ್ರಿಲ್ 26ಕ್ಕೆ ಷೇರುದಾರರ ಮುಂದೆ ಈ ಫೋಮ್ ವಿಷಯ ಒಪ್ಪಿಕೊಂಡು, ಖರ್ಚಿಗೆ ಅಂತ 250 ಮಿಲಿಯನ್ ಯೂರೋ ಪಕ್ಕಕ್ಕಿಟ್ಟಿತು. ಮಷಿನ್ ಹಾಕ್ಕೊಂಡು ಮಲಗೋರಿಗೆ ವಾಪಸ್ ನೋಟಿಸ್ ಬಂದದ್ದು ಜೂನ್ 14. ನಡುವೆ ಏಳು ವಾರ. ಹಣ ಹಾಕಿದವನಿಗೆ ಮೊದಲು, ಉಸಿರಾಡೋನಿಗೆ ಆಮೇಲೆ.

ಕೇಸುಗಳು ಆಗಲೇ ಬೀಳ್ತಿವೆ. ಮಷಿನ್ ಬಿಸಾಕಬೇಡಿ. ಸೀರಿಯಲ್ ನಂಬರ್ ಫೋಟೊ, ಬಿಲ್ಲು, ಎಸ್‌ಡಿ ಕಾರ್ಡ್, ಡಾಕ್ಟರ್ ಜೊತೆಗಿನ ಮೆಸೇಜ್ ಎಲ್ಲ ಇಟ್ಕೊಳ್ಳಿ.

ಹರಳೆಣ್ಣೆ · 9 ಜುಲೈ 2021

ಅಮೆರಿಕದಲ್ಲಿ ಎಲ್ಲಕ್ಕೂ ಕೇಸು. ಕೊನೆಗೆ ವಕೀಲರ ಜೇಬು ತುಂಬುತ್ತೆ.

ಲಾ_ಪಾಯಿಂಟ್ · 9 ಜುಲೈ 2021

ತುಂಬಲಿ. ಕೇಸೇ ಇಲ್ಲದೆ ಇದ್ರೆ ಯಾರ ಜೇಬೂ ತುಂಬಲ್ಲ, ನಿಮ್ಮದಂತೂ ಇಲ್ವೇ ಇಲ್ಲ.

ನಂಜನಗೂಡು_ರಸಬಾಳೆ · 10 ಜುಲೈ 2021

ನಾನು ಮೈಸೂರಿಂದ. ನಮ್ಮ ತಂದೆಗೆ 71. ಅಣ್ಣ ಅಮೆರಿಕದಿಂದ ಬರುವಾಗ ತಾನು ಬಳಸಿ ಬಿಟ್ಟ ಮಷಿನ್ ತಂದುಕೊಟ್ಟಿದ್ದ, ಅದೂ ಇದೇ ಪಟ್ಟಿಯಲ್ಲಿದೆ. ಇಲ್ಲಿನ ಒಬ್ಬ ಡೀಲರ್ ಹತ್ರ ಹೋದರೆ "ನಮ್ಮಲ್ಲಿ ಕೊಂಡದ್ದಲ್ಲ, ನಮಗೆ ಸಂಬಂಧ ಇಲ್ಲ" ಅಂದರು. ಹೊಸದು ತಗೋಬೇಕು ಅಂದ್ರೆ ಪೂರ್ತಿ ಕೈಯಿಂದಲೇ. ಇಲ್ಲಿ ನಮಗೆ ಯಾರು ದಿಕ್ಕು?

ಗಾಳಿಮಾತು · 10 ಜುಲೈ 2021

ರಸಬಾಳೆ ಅವರೇ, ಇದು ಅಮೆರಿಕಕ್ಕೆ ಮಾತ್ರ ಸೀಮಿತ ಅಲ್ಲ. ಅಮೆರಿಕದ ಹೊರಗೆ ಇದನ್ನೇ "ಫೀಲ್ಡ್ ಸೇಫ್ಟಿ ನೋಟಿಸ್" ಅಂತ ಕೊಟ್ಟಿದ್ದಾರೆ. ರಿಜಿಸ್ಟರ್ ಮಾಡೋಕೆ ಸೀರಿಯಲ್ ನಂಬರ್ ಬೇಕು. ಅಣ್ಣನ ಹೆಸರಲ್ಲಿ, ಅಣ್ಣನ ವಿಳಾಸಕ್ಕೇ ಮಾಡಿಸಿ, ಬದಲಿ ಬಂದಾಗ ಅವರು ತಂದುಕೊಡಲಿ. ಮಷಿನ್‌ನಿಂದ ತೊಂದರೆ ಆಗಿದೆ ಅನ್ನಿಸಿದರೆ ಭಾರತದಲ್ಲಿ ಮೆಟೀರಿಯೋವಿಜಿಲೆನ್ಸ್ ಕಾರ್ಯಕ್ರಮ ಅಂತ ಇದೆ, 2015ರಲ್ಲಿ ಶುರುವಾದದ್ದು, ಗಾಜಿಯಾಬಾದ್‌ನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ನೋಡಿಕೊಳ್ಳುತ್ತೆ. ಅಲ್ಲಿಗೆ ವರದಿ ಕಳಿಸಬಹುದು.

ಇನ್ನೊಂದು: ಅಣ್ಣನಿಗೆ ಇಟ್ಟ ಒತ್ತಡವೇ ಅಪ್ಪನಿಗೂ ನಡೀತಿದೆಯಾ? ಹಾಗಿದ್ರೆ ಫೋಮ್‌ಗಿಂತ ಮೊದಲು ಅದನ್ನ ಡಾಕ್ಟರ್ ಹತ್ರ ಸರಿ ಮಾಡಿಸಿ.

ನಂಜನಗೂಡು_ರಸಬಾಳೆ · 10 ಜುಲೈ 2021

ಅಯ್ಯೋ. ಅದನ್ನ ನಾವು ಯೋಚನೆನೇ ಮಾಡಿರಲಿಲ್ಲ.

ಬಂಗುಡೆ · 10 ಜುಲೈ 2021

ಮೈಸೂರಾದ್ರೂ ಅಡ್ಡಿಯಿಲ್ಲ. ನಮ್ಮ ಮಂಗ್ಳೂರಿನಲ್ಲಿ ಮಳೆಗಾಲಕ್ಕೆ ಚಪ್ಪಲಿಗೆ ಸಹ ಬೂಷ್ಟು ಬರ್ತದೆ. ಶೆಖೆ ಮತ್ತು ತೇವಕ್ಕೆ ಫೋಮ್ ಪುಡಿ ಆಗುದಾದ್ರೆ ಅಲ್ಲಿ ಎಷ್ಟು ದಿನ ತಡೀಬಹುದು ಹೇಳಿ.

ರಾಗಿಮುದ್ದೆ_ಡೆಟ್ರಾಯ್ಟ್ · 12 ಜುಲೈ 2021

ಒಂದು ಹೆದರಿದ ಕಥೆ ಹೇಳ್ತೀನಿ, ನಗಬೇಡಿ. ಮೊನ್ನೆ ಟ್ಯೂಬ್ ಕಳಚಿ ಬಿಳಿ ಟಿಶ್ಯೂ ಪೇಪರ್ ಒಳಗೆ ಹಾಕಿ ಒರೆಸಿದೆ. ಕಪ್ಪು ಚುಕ್ಕೆ! ಕೈಕಾಲು ತಣ್ಣಗಾಯ್ತು. ಆ ಪೇಪರ್‌ನ ಜಿಪ್‌ಲಾಕ್ ಕವರ್‌ಗೆ ಹಾಕಿ, ಮೇಲೆ ದಿನಾಂಕ ಬರೆದು, ಲಾ_ಪಾಯಿಂಟ್ ಹೇಳಿದ ಹಾಗೆ ಸಾಕ್ಷಿ ಅಂತ ಎತ್ತಿಟ್ಟೆ. ಆಮೇಲೆ ಫಿಲ್ಟರ್ ತೆಗೆದು ನೋಡ್ತೀನಿ, ಬೂದಿ ಬಣ್ಣ. ಎಂಟು ತಿಂಗಳಿಂದ ಬದಲಾಯಿಸಿಲ್ಲ. ಮಷಿನ್ ಇರೋ ಸ್ಟೂಲಿನ ಗೋಡೆ ಆಚೆಗೇ ದೇವರ ಗೂಡು. ದಿನಾ ಬೆಳಿಗ್ಗೆ ಎರಡು ಊದುಬತ್ತಿ, ಶುಕ್ರವಾರ ಸಾಂಬ್ರಾಣಿ. ಚುಕ್ಕೆ ಬೆರಳಲ್ಲಿ ತಿಕ್ಕಿದ್ರೆ ಸಾಂಬ್ರಾಣಿ ವಾಸನೆ. ನನ್ನ ಶ್ವಾಸಕೋಶಕ್ಕೆ ಮೂರು ವರ್ಷದಿಂದ ಮಂಗಳಾರತಿ ಆಗ್ತಿತ್ತು ಅಂತ ಕಾಣುತ್ತೆ.

ಗಾಳಿಮಾತು · 12 ಜುಲೈ 2021

ಇದಕ್ಕೇ ಹೇಳೋದು, ಕಪ್ಪು ಕಂಡಿದ್ದೆಲ್ಲ ಫೋಮ್ ಅಲ್ಲ, ಕಪ್ಪು ಕಾಣಲಿಲ್ಲ ಅಂದ್ರೆ ಫೋಮ್ ಸರಿಯಿದೆ ಅಂತಲೂ ಅಲ್ಲ. ಆವಿ ಕಣ್ಣಿಗೆ ಕಾಣಲ್ಲ. ಫಿಲ್ಟರ್ ಮಾತ್ರ ಬದಲಾಯಿಸಿ ಪುಣ್ಯಾತ್ಮರೇ.

ಟ್ಯೂಬಿಗೆ ಸೇರಿಸೋ ಬ್ಯಾಕ್ಟೀರಿಯಾ ಫಿಲ್ಟರ್ ಬಗ್ಗೆ ಮೂರು ಜನ ಖಾಸಗಿಯಾಗಿ ಕೇಳಿದ್ದೀರಿ. ಅದು ಪುಡಿಯನ್ನ ಒಂದಷ್ಟು ತಡೆಯಬಹುದು, ಆವಿಯನ್ನ ತಡೆಯಲ್ಲ. ಗಾಳಿಗೆ ಅಡ್ಡವೂ ಆಗುತ್ತೆ, ಹಾಗಾಗಿ ಕೇಳದೆ ಸಿಕ್ಕಿಸಬೇಡಿ.

ಗೊರಕೆರಾಯ · 15 ಜುಲೈ 2021

ಸುದ್ದಿ: ಡಾಕ್ಟರ್ ವಿಡಿಯೋದಲ್ಲಿ ಸಿಕ್ಕಿದ್ರು. ಮುಂದುವರಿಸಿ ಅಂದರು. ಹೊಸ ಪ್ರಿಸ್ಕ್ರಿಪ್ಷನ್ ಬರೆದುಕೊಟ್ಟಿದ್ದಾರೆ, ಕೈಯಿಂದ ಕೊಂಡುಕೊಳ್ಳೋದಾದ್ರೆ ಆಗುತ್ತೆ. ಆದರೆ ಮಾರ್ಕೆಟ್‌ನಲ್ಲಿ ಮಷಿನ್ನೇ ಇಲ್ಲ. ಎಲ್ಲರೂ ಇನ್ನೊಂದು ಸಿಪ್ಯಾಪ್ ಕಂಪನಿ ರೆಸ್‌ಮೆಡ್ ಬಾಗಿಲಿಗೆ ಹೋಗಿ ನಿಂತಿದ್ದಾರೆ, ಅವರಿಗೆ ಚಿಪ್ ಸಿಗ್ತಿಲ್ಲ. ಅಲ್ಲಿಯ ತನಕ ಮಂಚದ ತಲೆ ಕಡೆ ಕಾಲಿಗೆ ಇಟ್ಟಿಗೆ ಕೊಟ್ಟಿದ್ದೀನಿ, ಹಳೇ ಬನಿಯನ್ ಬೆನ್ನಿಗೆ ಟೆನಿಸ್ ಬಾಲ್ ಹೊಲಿಸಿಕೊಂಡಿದ್ದೀನಿ, ಅಂಗಾತ ಹೊರಳಿದ್ರೆ ಚುಚ್ಚಲಿ ಅಂತ. ಮಗಳು ಅದಕ್ಕೆ "ಅಪ್ಪನ ಮೊಟ್ಟೆ" ಅಂತ ಹೆಸರಿಟ್ಟಿದ್ದಾಳೆ.

ಗಿರಮಿಟ್ · 24 ಜುಲೈ 2021

ಎಫ್‌ಡಿಎದವ್ರು ಇದನ್ನ ಕ್ಲಾಸ್ 1 ಅಂತ ಮಾಡ್ಯಾರ ನೋಡ್ರಿ, ಭಾಳ ಗಂಭೀರ ಅನ್ನೂ ದರ್ಜೆ. ನನ್ನ ಡಬ್ಬಿ ಗ್ಯಾರೇಜಿಗೆ ಹೋತು.

ಲಾ_ಪಾಯಿಂಟ್ · 16 ನವೆಂಬರ್ 2021

ಎಫ್‌ಡಿಎ ಇನ್ಸ್‌ಪೆಕ್ಟರ್‌ಗಳು ಪೆನ್ಸಿಲ್ವೇನಿಯಾದ ಮರ್ರಿಸ್‌ವಿಲ್ ಘಟಕಕ್ಕೆ ಆಗಸ್ಟ್‌ನಿಂದ ಹೋಗಿ ಬಂದ ವರದಿ ಹೊರಬಿದ್ದಿದೆ. ಫೋಮ್ ಹಾಳಾಗೋ ಬಗ್ಗೆ 2015ರ ಇಮೇಲ್‌ಗಳೇ ಸಿಕ್ಕಿವೆ. 2015, ಸ್ವಾಮಿ! ರಾಯರು ಮಷಿನ್ ಕೊಳ್ಳೋದಕ್ಕೂ ಎಷ್ಟು ಮುಂಚೆ ಲೆಕ್ಕ ಹಾಕಿ. ಇದರ ಮೇಲೆ, ಬದಲಿಗೆ ಹಾಕ್ತಿರೋ ಸಿಲಿಕೋನ್ ಫೋಮ್ ಇದ್ದ ಇಂಥದ್ದೇ ಒಂದು ಮಷಿನ್, ಅಮೆರಿಕದ ಹೊರಗೆ ಮಾರೋದು, ಆವಿಯ ಒಂದು ಪರೀಕ್ಷೆಯಲ್ಲಿ ಫೇಲ್ ಆಗಿದೆಯಂತೆ. ಹೆಚ್ಚಿನ ಪರೀಕ್ಷೆ ಮಾಡಿ ಅಂದಿದ್ದಾರೆ.

ಕಾಫಿಪುಡಿ · 16 ನವೆಂಬರ್ 2021

ಬಾಣಲೆಯಿಂದ ಬೆಂಕಿಗೆ.

ನಂಜನಗೂಡು_ರಸಬಾಳೆ · 20 ಫೆಬ್ರುವರಿ 2022

ಹಿಂದಿ ಸಿನಿಮಾ ಸಂಗೀತದ ಬಪ್ಪಿ ಲಾಹಿರಿ ತೀರಿಹೋದಾಗ ಟಿವಿಯಲ್ಲೆಲ್ಲ ಈ ಅಪ್ನಿಯಾ ಹೆಸರು ಬಂತು. ಅಲ್ಲಿಯವರೆಗೂ "ಅಪ್ಪನಿಗೆ ಅದೇನೋ ಆನೆ ಸೊಂಡಿಲು" ಅಂತ ನಗ್ತಿದ್ದ ಅತ್ತೆ ಈಗ "ಅದನ್ನ ಸರಿಯಾಗಿ ಹಾಕ್ಕೊಳ್ಳೋ ಅಣ್ಣಾ" ಅಂತ ದಿನಾ ಫೋನ್ ಮಾಡ್ತಾರೆ. ಅಂದಹಾಗೆ ಅಪ್ಪನ ಒತ್ತಡ ಸರಿಯಿರಲಿಲ್ಲ, ಜುಲೈನಲ್ಲೇ ಟೆಸ್ಟ್ ಮಾಡಿಸಿ ಬದಲಾಯಿಸಿದೆವು. ಹೊಸ ಮಷಿನ್‌ಗೆ ಅಣ್ಣ ತಮ್ಮಂದಿರು ಅರ್ಧರ್ಧ ಹಾಕಿದೆವು. ಹಳೇದು ಅಟ್ಟದ ಮೇಲಿದೆ. ಗಾಳಿಮಾತು ಅವರಿಗೆ ಅಪ್ಪನ ಕಡೆಯಿಂದ ಒಂದು ಡಬ್ಬಿ ಮೈಸೂರ್‌ಪಾಕ್ ಬಾಕಿ.

ಗೊರಕೆರಾಯ · 23 ಏಪ್ರಿಲ್ 2022

ಬಂತು! ನಿನ್ನೆ ಸಂಜೆ ಬಾಗಿಲಲ್ಲಿ ಡಬ್ಬ. ಹಳೇದನ್ನ ಅದೇ ಡಬ್ಬದಲ್ಲಿ ಹಾಕಿ ವಾಪಸ್ ಕಳಿಸೋ ಲೇಬಲ್ ಒಳಗಿದೆ. ರಿಜಿಸ್ಟರ್ ಮಾಡಿ ಒಂಬತ್ತೂವರೆ ತಿಂಗಳು, ಅಷ್ಟರಲ್ಲಿ ಒಂದು ಮಗು ಹುಟ್ಟುತ್ತೆ.

ಸಂಪಿಗೆ · 23 ಏಪ್ರಿಲ್ 2022

ನಾಮಕರಣ ಯಾವಾಗ? ನಮಗೆ ಇನ್ನೂ ಬಂದಿಲ್ಲ 🙁

ಗಾಳಿಮಾತು · 23 ಏಪ್ರಿಲ್ 2022

ಹಾಕ್ಕೊಳ್ಳೋಕೆ ಮುಂಚೆ ಒತ್ತಡದ ಸೆಟ್ಟಿಂಗ್ ನಿಮ್ಮ ಪ್ರಿಸ್ಕ್ರಿಪ್ಷನ್‌ಗೆ ತಾಳೆ ಆಗುತ್ತಾ ನೋಡಿ. ಹಳೇ ಮಷಿನ್‌ನ ಎಸ್‌ಡಿ ಕಾರ್ಡ್ ತೆಗೆದಿಟ್ಟುಕೊಳ್ಳಿ. ಆಸ್ಕರ್ ಅಂತ ಉಚಿತ ಸಾಫ್ಟ್‌ವೇರ್ ಇದೆ, ಕಾರ್ಡ್ ಹಾಕಿದ್ರೆ ಒಂದೊಂದು ರಾತ್ರಿಯ ಗ್ರಾಫೂ ಕಾಣುತ್ತೆ.

ಬಂಗುಡೆ · 9 ಸೆಪ್ಟೆಂಬರ್ 2022

ಇನ್ನೊಂದು ನೋಟಿಸ್ ಬಂತು, ಈ ಸಲ ಮಾಸ್ಕಿನ ಕ್ಲಿಪ್ಪಿನ ಮ್ಯಾಗ್ನೆಟ್. ಪೇಸ್‌ಮೇಕರ್ ಇದ್ದವರು, ಅವರ ಹತ್ತಿರ ಮಲಗುವವರು ಸಹ ಜಾಗ್ರತೆ. ನಮ್ಮ ಅಮ್ಮನಿಗೆ ಪೇಸ್‌ಮೇಕರ್ ಉಂಟು, ಹಾಗಾಗಿ ಬದಲಿಸಿದೆ.

ಗಾಳಿಮಾತು · 15 ಏಪ್ರಿಲ್ 2023

ನಾನು ಹೋದ ವರ್ಷ ಹೇಳಿದ ಸೆಟ್ಟಿಂಗ್ ವಿಷಯ ನೆನಪಿದೆಯಾ? ರಿಪೇರಿ ಮಾಡಿ ಕಳಿಸಿದ ಡ್ರೀಮ್‌ಸ್ಟೇಷನ್‌ಗಳಲ್ಲಿ ಸಾವಿರಕ್ಕೂ ಹೆಚ್ಚು ಮಷಿನ್‌ಗಳಿಗೆ ತಪ್ಪು ಪ್ರಿಸ್ಕ್ರಿಪ್ಷನ್ ಹೋಗಿರಬಹುದು ಅಂತ ಈಗ ಮತ್ತೆ ವಾಪಸ್ ಕರೆದಿದ್ದಾರೆ. ನೋಡದೆ ಇದ್ದವರು ಇವತ್ತು ನೋಡಿ.

ಲಾ_ಪಾಯಿಂಟ್ · 3 ಮೇ 2024

ಹಳೇ ಚರ್ಚೆ ಎಬ್ಬಿಸ್ತಿದೀನಿ, ಕ್ಷಮಿಸಿ. ಎರಡು ಒಪ್ಪಂದ ಇವೆ, ಗೊಂದಲ ಮಾಡ್ಕೋಬೇಡಿ. ಮೊದಲನೇದು ಮಷಿನ್ ದುಡ್ಡಿನದ್ದು, 2023ರ ಸೆಪ್ಟೆಂಬರ್‌ದು, ಕಡಿಮೆ ಅಂದ್ರೂ 479 ಮಿಲಿಯನ್ ಡಾಲರ್. ಡ್ರೀಮ್‌ಸ್ಟೇಷನ್ ಸಿಪ್ಯಾಪ್ ಒಂದಕ್ಕೆ 55.63 ಡಾಲರ್, ಹಳೇದನ್ನ ವಾಪಸ್ ಕಳಿಸಿದ್ರೆ ಇನ್ನು 100. ಅರ್ಜಿಗೆ ಕೊನೇ ದಿನ ಆಗಸ್ಟ್ 9. ಎರಡನೇದು ಈ ವಾರದ್ದು, ಆರೋಗ್ಯ ಕೆಟ್ಟವರ ಕೇಸು, ಒಟ್ಟು 1.1 ಬಿಲಿಯನ್ ಡಾಲರ್, ತಪ್ಪು ಒಪ್ಪಿಕೊಂಡಿಲ್ಲ. ಇದರ ಜೊತೆಗೆ ಸರ್ಕಾರದ ಜೊತೆ ಕೋರ್ಟ್ ಒಪ್ಪಿಗೆಯ ಕರಾರೂ (ಕನ್ಸೆಂಟ್ ಡಿಕ್ರೀ) ಆಗಿದೆ. ಅಮೆರಿಕದಲ್ಲಿ ಹೊಸ ಸಿಪ್ಯಾಪ್ ಮಾರೋದನ್ನ ಅವರು ಜನವರಿಯಲ್ಲೇ ನಿಲ್ಲಿಸಿಬಿಟ್ಟಿದ್ದಾರೆ.

ಗಿರಮಿಟ್ · 3 ಮೇ 2024

561 ಮಂದಿ ಸತ್ತಾರ ಅಂತ ಎಲ್ಲಾ ಕಡೆ ಬರ್ಯಾಕತ್ತಾರ. ಖರೇನ?

ಗಾಳಿಮಾತು · 3 ಮೇ 2024

2021ರ ಏಪ್ರಿಲ್‌ನಿಂದ 2023ರ ಕೊನೆವರೆಗೆ ಎಫ್‌ಡಿಎಗೆ 1,16,000ಕ್ಕೂ ಹೆಚ್ಚು ವರದಿ ಬಂದಿವೆ, ಅದರಲ್ಲಿ 561 ಸಾವಿನ ವರದಿ. ಯಾರು ಬೇಕಾದ್ರೂ ವರದಿ ಕಳಿಸಬಹುದು, ಫೋಮ್‌ನಿಂದಲೇ ಸತ್ತರು ಅಂತ ಅದು ಸಾಬೀತು ಮಾಡಲ್ಲ. ತಮ್ಮ ಪರೀಕ್ಷೆಗಳ ಪ್ರಕಾರ ಹೆಚ್ಚಿನ ಹಾನಿ ಇಲ್ಲ ಅಂತ ಕಂಪನಿ, ಆ ಪರೀಕ್ಷೆ ಸಾಲದು ಅಂತ 2023ರ ಅಕ್ಟೋಬರ್‌ನಲ್ಲಿ ಎಫ್‌ಡಿಎ. ಇಷ್ಟೇ ಹೇಳಬಹುದು.

ಹರಳೆಣ್ಣೆ · 4 ಮೇ 2024

ಐವತ್ತೈದು ಡಾಲರ್. ನಾನು ಹೇಳಿರಲಿಲ್ವಾ?

ಲಾ_ಪಾಯಿಂಟ್ · 4 ಮೇ 2024

ಐವತ್ತೈದು ಡಾಲರ್ ಅರವತ್ಮೂರು ಸೆಂಟ್. ಸರಿಯಾಗಿ ಹೇಳಿ.

ಸಂಪಿಗೆ · 4 ಮೇ 2024

ಅರ್ಜಿ ಹಾಕಿದ್ವಿ. ನಮ್ಮ ಬದಲಿ ಮಷಿನ್ 2022ರ ದಸರಾ ಹೊತ್ತಿಗೆ ಬಂತು. ನನಗೆ ಒಂದು ಅಭ್ಯಾಸ ಮಾತ್ರ ಹೋಗಿಲ್ಲ, ರಾತ್ರಿ ಎಚ್ಚರ ಆದ್ರೆ ಈಗಲೂ ಎಣಿಸ್ತೀನಿ. ಮೂರಕ್ಕೋ ನಾಲ್ಕಕ್ಕೋ ಅವರ ಉಸಿರು ಬರುತ್ತೆ, ಮತ್ತೆ ನಿದ್ದೆ ಹೋಗ್ತೀನಿ.

ಬಂಗುಡೆ · 14 ಆಗಸ್ಟ್ 2025

ಓ ರಾಗಿಮುದ್ದೆಯವರೇ, ಎಲ್ಲಿದ್ದೀರಿ? ನಿಮ್ಮ ದಾಸಯ್ಯ ಗೆದ್ದ! ಜೈಪುರದಲ್ಲಿ ಅಪ್ನಿಯಾ ಇದ್ದ 30 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಆರು ತಿಂಗಳು ಶಂಖ ಊದಿಸಿದ್ದಾರೆ, ವಾರಕ್ಕೆ ಐದು ದಿನ, ದಿನಕ್ಕೆ ಹದಿನೈದು ನಿಮಿಷ. ಹಗಲಿನ ತೂಕಡಿಕೆ 34 ಶೇಕಡ ಕಮ್ಮಿಯಂತೆ. ಯುರೋಪಿನ ಪತ್ರಿಕೆಯಲ್ಲಿ ಬಂದಿದೆ.

ಗಾಳಿಮಾತು · 14 ಆಗಸ್ಟ್ 2025

ಮೂವತ್ತೇ ಜನ, ಚಿಕ್ಕ ಅಧ್ಯಯನ. ಮಷಿನ್ ಬಿಡಬೇಡಿ. ಊದೋರು ಊದಿ.

ರಾಗಿಮುದ್ದೆ_ಡೆಟ್ರಾಯ್ಟ್ · 15 ಆಗಸ್ಟ್ 2025

ಇಲ್ಲೇ ಇದ್ದೀನಿ. ಅಮ್ಮನ ದೇವರ ಪೆಟ್ಟಿಗೆಯಿಂದ ಶಂಖ ಹುಡುಕಿ ತೆಗೆದೆ, ಒಳಗೆ ಮೂವತ್ತು ವರ್ಷದ ಧೂಳು. ಮೊದಲು ಅದನ್ನ ತೊಳೀಬೇಕು. ಓಜೋನ್ ಡಬ್ಬಿ ಯಾರ ಹತ್ರ ಇತ್ತು?

ಗಿರಮಿಟ್ · 15 ಆಗಸ್ಟ್ 2025

ಗ್ಯಾರೇಜಿನ್ಯಾಗ ಐತ್ರಿ. ಪುಕ್ಕಟ್ಟೆ ಕೊಡ್ತೇನಿ, ಬಂದು ಒಯ್ರಿ.